ಗುರಮ್ಮನಿಗೊಂದು ಗೋಡೆ

ನಾನು ನಿವೃತ್ತಳಾಗಲು ಇನ್ನೆರಡು ವರ್ಷ ಉಳಿದಿದ್ದಾಗ ನನ್ನನ್ನು ತಾಂಡೂರಿಗೆ ವರ್ಗ ಮಾಡಿದರು. ತೆಲಂಗಾಣ ಬೇರೆ ರಾಜ್ಯವಾಗಿ ಕೆಲವು ವರ್ಷ ಕಳೆದಿತ್ತು. ಹುದ್ದೆ ಡೆಪ್ಯುಟಿ ಎಕ್ಸಿಕ್ಯೂಟಿವ್ ಇಂಜಿನಿಯರ್. ಕೆಲಸ, ಬಡವರಿಗೆಂದು ಸರ್ಕಾರ ಕಟ್ಟಿಸುವ ಮನೆಗಳ ಉಸ್ತುವಾರಿ. ಅದಕ್ಕೆ ಮೊದಲು ಜಹೀರಾಬಾದಿನಲ್ಲಿ ರಸ್ತೆ ಹಾಕಿಸಿದ್ದೆ, ನಾರಾಯಣಖೇಡದಲ್ಲಿ ಶಾಲೆ ಕಟ್ಟಿಸಿದ್ದೆ. ಹುಟ್ಟಿದ್ದು ಮೊಗುಡಂಪಲ್ಲಿಯಲ್ಲಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಗುತ್ತಿಗೆದಾರರ ಜೊತೆ ದಖನಿ ಉರ್ದು. ಸಿಟ್ಟು ಬಂದಾಗ ಮಾತ್ರ ಎದುರಿಗೆ ಯಾರೇ ಇರಲಿ, ಕನ್ನಡವೇ ಬಾಯಿಗೆ ಬರುತ್ತಿತ್ತು. ಸಿಟ್ಟು ನನಗೆ ಬೇಗ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ತಾಂಡೂರಿನಲ್ಲಿ ನನ್ನ ಕೈಗೆ ಬಂದದ್ದು ಊರ ಹೊರಗೆ, ಕರಣಕೋಟದ ಕಡೆ ಹೋಗುವ ರಸ್ತೆಯ ಪಕ್ಕದ ಒಂದು ಕಾಲನಿ. ಎಲ್ಲವೂ ಜಿ ಪ್ಲಸ್ ಟೂ ಬ್ಲಾಕುಗಳು, ಅಂದರೆ ನೆಲಮಹಡಿ ಮತ್ತು ಅದರ ಮೇಲೆ ಎರಡು ಅಂತಸ್ತು. ಪ್ರತಿ ಮನೆಗೆ ಒಂದು ಹಾಲ್, ಎರಡು ಕೋಣೆ, ಅಡುಗೆಮನೆ, ಬಚ್ಚಲು. ಗಿಲಾವು ಮುಗಿದು ಬಣ್ಣವೂ ಆಗಿತ್ತು. ಉಳಿದದ್ದು ಟ್ರಾನ್ಸ್‌ಫಾರ್ಮರ್ ಕೂಡಿಸುವುದು ಮತ್ತು ಒಳಚರಂಡಿಯ ಜೋಡಣೆ. ಅವೆರಡೂ ಆಗುವ ತನಕ ಮನೆಗಳ ಹಸ್ತಾಂತರವಿಲ್ಲ. ಮನೆ ಬೇಡಿ ಅರ್ಜಿ ಹಾಕಿದವರು ಕಟ್ಟಿದ ಮನೆಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿದ್ದುದರಿಂದ, ಅರ್ಹರ ಹೆಸರಿನ ಚೀಟಿ ಎತ್ತಿ ಹಂಚುವುದೆಂದು ತೀರ್ಮಾನವಾಗಿತ್ತು. ಭಾನುವಾರ ಬಂತೆಂದರೆ ಜನ ಮಕ್ಕಳು ಮರಿ ಸಮೇತ ಬಂದು ಗೇಟಿನ ಹೊರಗೆ ನಿಲ್ಲುತ್ತಿದ್ದರು. ಇಲ್ಲಿ ತುಳಸಿ ಇಡೋಣ, ಅಲ್ಲಿ ಬಟ್ಟೆ ಒಣಗಿಸೋಣ ಎಂದು ಯಾರದೋ ಬಾಲ್ಕನಿಗೆ ಕೈ ತೋರಿಸಿ ಮಾತಾಡಿಕೊಂಡು ಹೋಗುತ್ತಿದ್ದರು.

ಕಾಲನಿಯ ಕಾವಲಿಗೆ ಮೌಲಾಲಿ ಎಂಬಾತ ಇದ್ದ. ಬೇಸಿಗೆಯ ಒಂದು ಬೆಳಿಗ್ಗೆ ಅವನ ಫೋನು ಬಂತು.

"ಮೇಡಂನೋರ, ಜರಾ ಬರ್ರಿ. ನಾಕನೇ ಬ್ಲಾಕಿನ ಕೆಳಗಿನ ಮೂಲಿ ಮನ್ಯಾಗ ಮಂದಿ ಬಂದಾರ."

"ಕೀಲಿ ಮುರದಾರೇನು?"

"ಕೀಲಿ ಮುರದಿಲ್ರಿ. ನೀವು ಬಂದು ನೋಡ್ರಿ," ಎಂದು ಫೋನು ಇಟ್ಟುಬಿಟ್ಟ.

ಹಂಚಿಕೆಯಾಗದ ಸರ್ಕಾರಿ ಮನೆಗೆ ಒಂದು ಕುಟುಂಬ ಹೊಕ್ಕಿತೆಂದರೆ ಮರುದಿನ ಹತ್ತು ಕುಟುಂಬ ಹೊಗುತ್ತವೆ. ಇದಕ್ಕೆ ನಮ್ಮಲ್ಲಿ ಎನ್‌ಕ್ರೋಚ್‌ಮೆಂಟ್ ಎನ್ನುತ್ತಾರೆ. ಹಿಂದೆ ನಾನು ಕೆಲಸ ಮಾಡಿದ ಒಂದೂರಿನಲ್ಲಿ ಹೀಗೇ ಆಗಿ, ಪೊಲೀಸರು ಬಂದು, ಹೆಂಗಸರು ಅತ್ತು, ಕೊನೆಗೆ ಚೀಟಿಯಲ್ಲಿ ಹೆಸರು ಬಂದವರು ಬಾಗಿಲ ಹೊರಗೆ ನಿಂತದ್ದನ್ನು ಕಣ್ಣಾರೆ ಕಂಡಿದ್ದೆ. ಒಳಗೆ ಹೊಕ್ಕವರೂ ಬಡವರು, ಹೊರಗೆ ನಿಂತವರೂ ಬಡವರು. ಯಾರ ಮೇಲೆ ಸಿಟ್ಟು ಮಾಡುವುದೆಂದೇ ತಿಳಿಯದ ಜಗಳ ಅದು. ಅಂಥದ್ದು ಇಲ್ಲಿ ಆಗಬಾರದೆಂದು ಬಾಯಿಗೆ ಬಂದ ಬೈಗುಳವನ್ನೆಲ್ಲ ಹೊಂದಿಸಿಕೊಂಡೇ ಜೀಪು ಹತ್ತಿದೆ.

ಬೀಗ ನಿಜಕ್ಕೂ ಮುರಿದಿರಲಿಲ್ಲ. ಮೌಲಾಲಿ ತಲೆ ತಗ್ಗಿಸಿ ನಿಂತಿದ್ದ. ಬಾಗಿಲು ತೆಗೆದುಕೊಟ್ಟವನು ಅವನೇ ಎಂದು ಕೇಳದೆಯೇ ಗೊತ್ತಾಯಿತು. ಒಳಗೆ ಹಾಲಿನಲ್ಲಿ ಗೋಡೆಗೆ ಹೊಂದಿಸಿ ಹಾಸಿದ ಕೌದಿಯ ಮೇಲೆ ಒಬ್ಬ ಮುದುಕಿ ಮಲಗಿದ್ದಳು. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಪಕ್ಕದಲ್ಲಿ ನಲವತ್ತರ ಆಸುಪಾಸಿನ ಹೆಂಗಸು ಚಮಚದಿಂದ ನೀರು ಹಾಕುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ಸಾಮಾನ ಕಟ್ರಿ ಮೊದಲು. ಇದೇನು ಧರ್ಮಶಾಲಿ ಅಂತ ತಿಳದೀರಿ?" ಎಂದೆ.

"ಸಾಮಾನ ಏನೂ ತಂದಿಲ್ರಿ ಮೇಡಂ," ಎಂದಳು ಅವಳು.

ನೋಡಿದೆ. ಒಲೆಯಿಲ್ಲ, ಪಾತ್ರೆಯಿಲ್ಲ, ಬಟ್ಟೆಯ ಗಂಟೂ ಇಲ್ಲ. ಒಂದು ಕೊಡ ನೀರು, ಒಂದು ಚಮಚ, ವಿಭೂತಿ ಗಟ್ಟಿ, ಕೌದಿ. ಮನೆ ಹಿಡಿದುಕೊಳ್ಳಲು ಬಂದವರು ಹೀಗೆ ಬರಿಗೈಯಲ್ಲಿ ಬರುವುದಿಲ್ಲ. ಮೊದಲು ಒಲೆ ಹೂಡುತ್ತಾರೆ. ನನ್ನ ಬೈಗುಳ ಅಲ್ಲಿಗೇ ನಿಂತಿತು.

ಅವಳ ಹೆಸರು ಶರಣಮ್ಮ. ಮಲಗಿದ್ದವಳು ಅವಳ ಅತ್ತೆ ಗುರಮ್ಮ. ಗಂಡ ವೀರಶೆಟ್ಟಿ ಕಲ್ಲು ಪಾಲಿಶ್ ಮಾಡುವ ಯೂನಿಟ್ಟಿನಲ್ಲಿ ಕೂಲಿ. ಊರೊಳಗೆ ತಗಡಿನ ಮಾಡಿನ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದರು. ದವಾಖಾನೆಯವರು ಇನ್ನು ನಮ್ಮ ಕೈಲಿ ಏನೂ ಇಲ್ಲ, ಎರಡು ಮೂರು ದಿನದ ಮಾತು, ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿದ್ದರು. ಮನೆಗೆ ಬಂದ ಕೂಡಲೇ ಮನೆಯ ಮಾಲೀಕ ಮಾಣಿಕಪ್ಪ ಬಂದು ಕೈಮುಗಿದು ನಿಂತನಂತೆ. ಅವನೇನು ಕೆಟ್ಟವನಲ್ಲ. ಬಾಡಿಗೆ ತಡವಾದರೆ ದನಿ ಎತ್ತಿದವನಲ್ಲ. ಅವನು ಕೇಳಿದ್ದು ಒಂದೇ: ಅಮ್ಮನನ್ನು ಇಲ್ಲಿಂದ ಬೇರೆ ಕಡೆ ಒಯ್ಯಿರಿ.

ಈ ಪದ್ಧತಿಯನ್ನು ಹೊರಗಿನ ಓದುಗರಿಗೆ ಬಿಡಿಸಿ ಹೇಳಬೇಕು. ನಮ್ಮ ಕಡೆ ಬಾಡಿಗೆದಾರರು ಬಾಡಿಗೆ ಮನೆಯಲ್ಲಿ ಸಾಯುವಂತಿಲ್ಲ. ಹಾಗೆಂದು ಯಾವ ಕಾನೂನಿನಲ್ಲೂ ಇಲ್ಲ, ಯಾವ ಕರಾರಿನಲ್ಲೂ ಬರೆದಿರುವುದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಪರರ ಸಾವು ಮನೆಗೆ ಸೂತಕ ತರುತ್ತದೆ, ಮನೆ ತಿಂಗಳುಗಟ್ಟಲೆ ಮುಚ್ಚಬೇಕಾಗುತ್ತದೆ, ಮುಂದೆ ಬಾಡಿಗೆಗೆ ಯಾರೂ ಬರುವುದಿಲ್ಲ ಎಂಬ ಭಯ ಮಾಲೀಕರಿಗೆ. ದವಾಖಾನೆಯಲ್ಲಿ ಸತ್ತರೆ ಹೆಣವನ್ನು ಮನೆಯೊಳಗೆ ತರಗೊಡುವುದಿಲ್ಲ. ಸಾಯಲಿದ್ದಾರೆ ಎಂದು ಗೊತ್ತಾದರೆ ಮೊದಲೇ ಹೊರಗೆ ಕಳಿಸುತ್ತಾರೆ. ಸ್ವಂತ ಊರಿನಲ್ಲಿ ಒಂದು ಗುಡಿಸಲಾದರೂ ಉಳಿದಿದ್ದವರು ಗಾಡಿ ಮಾಡಿಕೊಂಡು ಅಲ್ಲಿಗೆ ಒಯ್ಯುತ್ತಾರೆ. ಅದೂ ಇಲ್ಲದವರು ರಸ್ತೆ ಬದಿಗೆ ತಾಡಪಾಲು ಕಟ್ಟಿಕೊಳ್ಳುತ್ತಾರೆ, ಇಲ್ಲವೇ ಸ್ಮಶಾನದ ಶೆಡ್ಡಿಗೆ ಹೋಗುತ್ತಾರೆ.

"ಶೆಡ್ಡಿಗೆ ಒಯ್ಯಬಹುದಿತ್ತಲ್ಲ?" ಎಂದು ಕೇಳಿದೆ.

ಶರಣಮ್ಮ ನನ್ನ ಹಣೆಯ ವಿಭೂತಿಯ ಕಡೆ ನೋಡಿದಳು. "ನಿಮಗ ಗೊತ್ತದಲ್ರಿ. ಶೆಡ್ಡಿಗೆ ಬರೇ ಕಂಬ ಅವ. ಮಲಗಸಾಕ ಮರದ ಬುಡ ಆದ್ರೂ ನಡೀತದ. ಕೂಡಸಾಕ ಗ್ವಾಡಿ ಬೇಕಲ್ರಿ."

ಗೊತ್ತಿತ್ತು. ನಾವು ಲಿಂಗಾಯತರು ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕಾಲು ಮಡಚಿ, ಗೋಡೆಗೆ ಆನಿಸಿ ಕೂಡಿಸುತ್ತೇವೆ. ತಲೆ ಬಾಗದಂತೆ ಗೋಡೆಗೆ ಮೊಳೆ ಹೊಡೆದು ಬಟ್ಟೆ ಕಟ್ಟುತ್ತೇವೆ. ಜಂಗಮರು ಬರುತ್ತಾರೆ, ಭಜನೆ ನಡೆಯುತ್ತದೆ, ಬಂದವರೆಲ್ಲ ಕಾಲಿಗೆ ಬಿದ್ದು ಹೋಗುತ್ತಾರೆ. ಮಣ್ಣಿಗೆ ಹೋಗುವಾಗಲೂ ಕೂತೇ ಹೋಗುವುದು. ಆ ಒಂದು ದಿನದ ಮಟ್ಟಿಗೆ ಎಂಥ ಬಡವರಾದರೂ ದೇವರ ಜಾಗದಲ್ಲಿ ಕೂತಿರುತ್ತಾರೆ.

"ಅವ್ವಗ ಒಂದು ಗ್ವಾಡಿ ಸಿಗಲಿ ಅಂತ ಮೌಲಾಲಿ ಭೈಯಾನ ಕಾಲು ಬಿದ್ದೀವ್ರಿ," ಎಂದಳು ಶರಣಮ್ಮ. "ಮಣ್ಣು ಮಾಡಿ ಬಂದು ನೆಲಾ ತೊಳದು ಚಾವಿ ಕೊಡ್ತೀವಿ. ಬಸವಣ್ಣನ ಆಣಿ."

ಆಗ ಕೌದಿಯಿಂದ ದನಿ ಬಂತು. ಮುದುಕಿ ಕಣ್ಣು ಬಿಟ್ಟಿದ್ದಳು.

"ಯಾರಕಿ? ಈ ಮನಿ ಕಟ್ಟಿಸಿದಾಕಿ ಇಕಿನೇ ಏನ?"

"ಹೌದು ಅವ್ವಾ," ಎಂದೆ.

"ಗ್ವಾಡಿ ಗಟ್ಟಿ ಕಟ್ಟಸೀದಿ. ಅಡಿಗಿಮನಿ ಮಾತ್ರ ಕೆಡಿಸೀದಿ. ರೊಟ್ಟಿ ಬಡಿಯಾಕ ಕುಂತ್ರ ಮೊಣಕಾಲು ಗ್ವಾಡಿಗೆ ಹತ್ತತಾವ."

ಒಳಗೆ ತಂದು ಮಲಗಿಸುವ ಮೊದಲು ಅಡುಗೆಮನೆ ತೋರಿಸಿರೆಂದು ಹಟ ಮಾಡಿ, ಮಗನ ತೋಳಿನಲ್ಲಿ ಹೋಗಿ ನೋಡಿ ಬಂದಿದ್ದಳಂತೆ. ಅವಳು ಆಯುಷ್ಯವಿಡೀ ಕಲ್ಲಿನ ಯೂನಿಟ್ಟುಗಳ ಕೂಲಿಯವರಿಗೆ ಜೋಳದ ರೊಟ್ಟಿ ಬಡಿದು ಮಾರಿದವಳು. ಎಷ್ಟು ಬಾಡಿಗೆ ಕೋಣೆ ಬದಲಿಸಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ. ಆದರೆ ಯಾವ ಕೋಣೆಯಲ್ಲಿ ಒಲೆ ಎಲ್ಲಿತ್ತು, ಹೊಗೆ ಯಾವ ಕಡೆ ಹೋಗುತ್ತಿತ್ತು ಎಂದು ಮಾತ್ರ ಹೇಳುತ್ತಿದ್ದಳು.

"ಈಗ ಕಟ್ಟಿ ಮ್ಯಾಲ ನಿಂತು ಅಡಿಗಿ ಮಾಡ್ತಾರ ಅವ್ವಾ," ಎಂದೆ.

"ನಿಂತು ಯಾರರೆ ರೊಟ್ಟಿ ಬಡಿತಾರೇನ?" ಎಂದು ಕಣ್ಣು ಮುಚ್ಚಿಕೊಂಡಳು.

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮೌಲಾಲಿ ಹತ್ತಿರ ಬಂದು, "ಗಲತಿ ಆಗ್ಯದ್ರಿ. ನೌಕರಿ ತಗೀತೀರೇನು?" ಎಂದು ಕೇಳಿದ. ಅವನಿಗೆ ಉತ್ತರ ಕೊಡುವ ಮೊದಲೇ ಇಇ ಸಾಹೇಬರ ಫೋನು ಬಂತು. ಇಇ ಎಂದರೆ ಎಕ್ಸಿಕ್ಯೂಟಿವ್ ಇಂಜಿನಿಯರ್, ನನ್ನ ಮೇಲಧಿಕಾರಿ. ಸುದ್ದಿ ಹೇಗೋ ಅವರ ಕಿವಿಗೆ ಬಿದ್ದಿತ್ತು. ಮುಂದಿನ ವಾರ ಹಿರಿಯ ಅಧಿಕಾರಿಗಳು ಕಾಲನಿ ನೋಡಲು ಬರುವವರಿದ್ದರು. ಇವತ್ತೇ ಖಾಲಿ ಮಾಡಿಸು ಎಂದರು. ನಾನು ಸಂಗತಿ ವಿವರಿಸಿದೆ. ಅವರು ಒಂದು ಮಾತು ಕೇಳಿದರು.

"ನೋಡಮ್ಮಾ, ಗೃಹಪ್ರವೇಶಕ್ಕೆ ಮೊದಲೇ ಅಲ್ಲಿ ಒಂದು ಹೆಣ ಕೂತರೆ ಆಮೇಲೆ ಆ ಮನೆಯನ್ನು ಯಾರಿಗೆ ಕೊಡುತ್ತೀಯ?"

ಇದು ಕಲ್ಲು ಹೃದಯದ ಮಾತಲ್ಲ. ಬಾಡಿಗೆ ಮನೆ ಮಾಲೀಕನಿಗೆ ಇದ್ದ ಭಯವೇ ಇಲ್ಲಿ ಸರ್ಕಾರಕ್ಕೂ ಇತ್ತು. ನಾಳೆ ಚೀಟಿಯಲ್ಲಿ ಈ ಮನೆ ಯಾರ ಪಾಲಿಗೆ ಬರುತ್ತದೋ ಅವರೂ ಆಯುಷ್ಯವಿಡೀ ಒಂದು ಮನೆಗೆ ಕಾದವರೇ. ಅವರ ಮೊದಲ ಮನೆಯನ್ನು ಸಾವಿನ ಮನೆ ಮಾಡಿ ಕೊಡುವ ಅಧಿಕಾರ ನನಗೆ ಎಲ್ಲಿಂದ ಬಂತು? ಕಾನೂನು ಸಾಹೇಬರ ಕಡೆಗಿತ್ತು, ನ್ಯಾಯವೂ ಅರ್ಧ ಅವರ ಕಡೆಗೇ ಇತ್ತು. ಆದರೆ ಒಳಗೆ ಮಲಗಿದ್ದವಳನ್ನು ಎತ್ತಿ ಬಿಸಿಲಿಗೆ ಇಡಿಸುವುದಕ್ಕೆ ನಾನೇ ಬಾಯಿ ತೆರೆಯಬೇಕಿತ್ತು.

"ಸರ್, ಅವರನ್ನು ಹೊರಗೆ ಹಾಕಲೇಬೇಕೆಂದರೆ ನೀವೇ ಬಂದು ಹಾಕಿ. ನನ್ನಿಂದ ಆಗುವುದಿಲ್ಲ. ಮೆಮೊ ಕೊಟ್ಟರೆ ತೆಗೆದುಕೊಳ್ಳುತ್ತೇನೆ," ಎಂದೆ. ಮೆಮೊ ಎಂದರೆ ಕಚೇರಿಯಲ್ಲಿ ತಪ್ಪಿಗೆ ಕಾರಣ ಕೇಳಿ ಕೊಡುವ ಪತ್ರ. ನಿವೃತ್ತಿಯ ಹೊಸ್ತಿಲಲ್ಲಿ ಅದು ಪಿಂಚಣಿಗೂ ಅಡ್ಡ ಬರಬಹುದಾಗಿತ್ತು.

ಅವರು, "ನಾನು ನಿನಗೆ ಫೋನೇ ಮಾಡಿಲ್ಲ," ಎಂದು ಇಟ್ಟರು. ಮನುಷ್ಯ ಒಳ್ಳೆಯವರು, ತಮ್ಮ ಒಳ್ಳೆಯತನಕ್ಕೆ ಸಾಕ್ಷಿ ಮಾತ್ರ ಇರಬಾರದು ಅವರಿಗೆ.

ಶರಣಮ್ಮನಿಗೆ ಷರತ್ತು ಹಾಕಿದೆ. ಒಲೆ ಹೂಡುವಂತಿಲ್ಲ, ಬಂಧು ಬಳಗ ಬಂದು ಮಲಗುವಂತಿಲ್ಲ, ಬಾಗಿಲು ಹಗಲು ಮುಚ್ಚುವಂತಿಲ್ಲ. ಚರಂಡಿ ಜೋಡಣೆ ಇಲ್ಲದ್ದರಿಂದ ಬಚ್ಚಲು ಬಳಸುವಂತಿಲ್ಲ. ನೀರಿಗೆ ಕಟ್ಟಡ ಕೆಲಸದ ಟ್ಯಾಂಕರು ನಾಲ್ಕನೇ ಬ್ಲಾಕಿನ ಮುಂದೆ ನಿಲ್ಲುವಂತೆ ಮಾಡಿದೆ. ದಿನಾ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಅಲ್ಲಿಗೆ ಹೋಗಿಬರುತ್ತಿದ್ದೆ. ಕೆಲಸದ ತಪಾಸಣೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆಗ ನಾವ್ಯಾರೂ ಎಣಿಸದಿದ್ದ ಒಂದು ತೊಂದರೆ ಎದುರಾಯಿತು. ಒಂದು ದಿನ ಗೇಟಿನಲ್ಲೇ ಮೌಲಾಲಿ ನನ್ನನ್ನು ತಡೆದ. ಮುಖ ಸಣ್ಣದು ಮಾಡಿಕೊಂಡಿದ್ದ.

"ಮೇಡಂನೋರ, ಒಂದು ತಕಲೀಫ್ ಆಗ್ಯದ್ರಿ."

"ಏನು?"

"ಮುದುಕಿ ಸುಧಾರಸಾಕ ಹತ್ಯಾಳ್ರಿ."

ನಗು ತಡೆಯಲಾಗಲಿಲ್ಲ. ಒಳಗೆ ಹೋದರೆ ಗುರಮ್ಮ ಗೋಡೆಗೆ ಒರಗಿ ಕೂತು, ಸೊಸೆ ಬಾಡಿಗೆ ಕೋಣೆಯಲ್ಲಿ ಕಾಸಿ ತಂದ ಅಂಬಲಿಯ ಬಟ್ಟಲು ಹಿಡಿದುಕೊಂಡಿದ್ದಳು. ಅವಳಿದ್ದ ಬಾಡಿಗೆ ಕೋಣೆಗೆ ಕಿಟಕಿಯೇ ಇರಲಿಲ್ಲ, ಮೇಲೆ ಕಾದ ತಗಡು. ಇಲ್ಲಿ ಎದುರು ಬದುರು ಎರಡು ಕಿಟಕಿ. ಇದಕ್ಕೆ ನಾವು ಕ್ರಾಸ್ ವೆಂಟಿಲೇಶನ್ ಎನ್ನುತ್ತೇವೆ, ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆಯಿಂದ ಹೊರಗೆ ಹೋಗುವ ಏರ್ಪಾಡು. ನಕ್ಷೆಯಲ್ಲಿ ಬಾಣದ ಗುರುತು ಹಾಕಿ ಎಷ್ಟೋ ಮನೆಗಳಿಗೆ ಮಂಜೂರಾತಿ ಕೊಟ್ಟಿದ್ದೇನೆ. ಅದರ ಗಾಳಿಯನ್ನು ಕುಡಿದು ಒಬ್ಬಳು ಎದ್ದು ಕೂತದ್ದನ್ನು ನೋಡಿದ್ದು ಅದೇ ಮೊದಲು.

ನಾನು ನಗುತ್ತಲೇ ಶರಣಮ್ಮನ ಕಡೆ ತಿರುಗಿದೆ. ಅವಳು ನಗುತ್ತಿರಲಿಲ್ಲ. ಸೆರಗನ್ನು ಬಾಯಿಗೆ ಹಿಡಿದು ನನ್ನನ್ನು ಕೋಣೆಯ ಮೂಲೆಗೆ ಕರೆದಳು.

"ತಪ್ಪು ತಿಳಕೋಬ್ಯಾಡ್ರಿ ಮೇಡಂ. ಡಾಕ್ಟರ ಎರಡ್ಮೂರು ದಿನ ಅಂದಿದ್ದು ಖರೇ ಅದ್ರಿ. ನಾವು ಸುಳ್ಳು ಹೇಳಿ ಬಂದಿಲ್ಲ. ನಿನ್ನಿಯಿಂದ ಏನಾಗ್ಯದೋ, ಹಸಿವಿ ಅನ್ನಾಕ ಹತ್ಯಾಳ."

ಅತ್ತೆ ಹೊತ್ತಿಗೆ ಸರಿಯಾಗಿ ಸಾಯಲಿಲ್ಲವೆಂದು ಸೊಸೆ ನನ್ನ ಬಳಿ ಕ್ಷಮೆ ಕೇಳುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಆ ನೀರು ಅತ್ತೆ ಬದುಕಿದ ಸಂತೋಷದ್ದೋ, ನನಗೆ ಕೊಟ್ಟ ಮಾತು ತಪ್ಪಿದ ಸಂಕಟದ್ದೋ ಅವಳಿಗೂ ಗೊತ್ತಿರಲಿಕ್ಕಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ, ಮತ್ತು ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ.

ಅಷ್ಟರಲ್ಲಿ ವೀರಶೆಟ್ಟಿ ರಾತ್ರಿ ಪಾಳಿ ಮುಗಿಸಿ ಬಂದ. ಮೈಯೆಲ್ಲ ಕಲ್ಲಿನ ಪುಡಿ. "ಈಗ ಆರಾಮ ಅದಾಳಲ್ರಿ, ವಾಪಸ ಕೋಣಿಗೆ ಒಯ್ತೀವಿ. ಮತ್ತ ಬಿಗಡಾಯಿಸಿದ್ರ ಮತ್ತ ತರ್ತೀವ್ರಿ," ಎಂದ.

ಅಲ್ಲಿ ನನ್ನ ಬಾಯಿ ಕೇಳಲಿಲ್ಲ. "ನಿಮ್ಮವ್ವ ಅಂದ್ರ ಏನು ನೀರಿನ ಕೊಡ ಅಂತ ತಿಳದೀಯೇನು? ಇಲ್ಲಿಂದ ಎತ್ತಿ ಅಲ್ಲಿಡಾಕ, ಅಲ್ಲಿಂದ ಎತ್ತಿ ಇಲ್ಲಿಡಾಕ? ಸುಮ್ಮನ ಕೂಡು."

ಗುರಮ್ಮ ಕೌದಿಯಿಂದಲೇ, "ಬೈ ಅವನಿಗೆ, ಇನ್ನೊಂದ್ಸಲ ಬೈ," ಎಂದಳು.

ಹಿರಿಯ ಅಧಿಕಾರಿಗಳು ಬರುವ ದಿನ ನಾನು ಬೆಳಗಿನಿಂದಲೇ ಕಾಲನಿಯಲ್ಲಿದ್ದೆ. ಇಇ ಸಾಹೇಬರು ನನ್ನ ಮುಖ ನೋಡದೆ ಓಡಾಡುತ್ತಿದ್ದರು. ಬಂದ ಅಧಿಕಾರಿಗಳು ಮೊದಲನೇ ಬ್ಲಾಕಿನ ನೆರಳಲ್ಲಿ ನಿಂತು ಟೀ ಕುಡಿದರು. ಬಿಸಿಲು ಕಂಡು ಉಳಿದದ್ದೂ ಇದೇ ಥರ ಇದೆಯಲ್ಲವೇ ಎಂದು ಕೇಳಿದರು. ಹೌದು ಸರ್, ಎಲ್ಲಾ ಇದೇ ಥರ ಎಂದರು ಇಇ ಸಾಹೇಬರು. ಕಾರುಗಳು ಹೊರಟುಹೋದವು. ತಾಂಡೂರಿನ ಬಿಸಿಲಿಗೆ ನಾನು ಮನಸಾರೆ ಕೈಮುಗಿದದ್ದು ಅದೊಂದೇ ಸಲ.

ಆ ಒಂದಷ್ಟು ದಿನ ಗುರಮ್ಮ ಮನೆಯೊಡತಿಯ ಹಾಗೆ ಇದ್ದಳು. ಹೋದ ಕೂಡಲೇ ಕೂಡು ಎನ್ನುತ್ತಿದ್ದಳು, ನೀರು ಕೊಡಿಸುತ್ತಿದ್ದಳು. ಕಿಟಕಿಯ ಕೆಳಗೆ ಒಂದು ಕಟ್ಟೆ ಇರಬೇಕಿತ್ತು, ಬಾಗಿಲು ಆ ಕಡೆ ತೆರೆಯಬೇಕಿತ್ತು ಎಂದು ದಿನಕ್ಕೊಂದು ತಪ್ಪು ಹುಡುಕುತ್ತಿದ್ದಳು. "ಕಿರಾಯಿ ಮನ್ಯಾಗ ಹಿಂಗ ಅಂದ್ರ ಹೊರಗ ಹಾಕ್ತಾರ. ಇಲ್ಲಿ ಅನ್ನಬಹುದಲ್ಲ," ಎಂದು ನಗುತ್ತಿದ್ದಳು. ನಮ್ಮ ಇಲಾಖೆಯ ಕೆಲಸಕ್ಕೆ ಅಷ್ಟು ಸಂತೋಷದಿಂದ ತಪ್ಪು ಎಣಿಸಿದವರನ್ನು ನಾನು ಬೇರೆ ಕಂಡಿಲ್ಲ.

ಒಂದು ಬೆಳಿಗ್ಗೆ ಅಂಬಲಿ ಬೇಡವೆಂದು ಬಟ್ಟಲು ಸರಿಸಿದಳಂತೆ. ನಾನು ಹೋಗುವ ಹೊತ್ತಿಗೆ ಉಸಿರು ನಿಂತಿತ್ತು. ಶರಣಮ್ಮ ಜೋರಾಗಿ ಅತ್ತಳು. ಅಳು ಕೇಳಿ ಯಾರೂ ಬಂದು ಬಾಯಿ ಮುಚ್ಚಿಕೋ ಎನ್ನಲಿಲ್ಲ. ಹಾಲಿನ ಉದ್ದ ಗೋಡೆಗೆ ಗುರಮ್ಮನನ್ನು ಕೂಡಿಸಿದರು. ಮೌಲಾಲಿ ನೀರು ಹೊತ್ತು ತಂದ. ಊರಿನ ಜಂಗಮರು ಬಂದರು, ತಾಳ ಹಿಡಿದು ಭಜನೆಯವರು ಬಂದರು, ಕಲ್ಲಿನ ಯೂನಿಟ್ಟಿನ ಕೂಲಿಯವರು ಸಾಲಾಗಿ ಬಂದು ಅವಳ ಕಾಲಿಗೆ ಬಿದ್ದರು. ಎಲ್ಲರೂ ಅವಳ ರೊಟ್ಟಿ ತಿಂದವರು.

ಮಾಣಿಕಪ್ಪನೂ ಬಂದಿದ್ದ. ಹೂವಿನ ಹಾರ ಹಾಕಿ ಅವಳ ಮುಂದೆ ಕೂತು ಅತ್ತ. ಆಮೇಲೆ ನನ್ನ ಬಳಿ ಬಂದು, "ಸಿಟ್ಟಾಗಬ್ಯಾಡ್ರಿ ಮೇಡಂ. ಮನ್ಯಾಗ ಮಗಳ ಲಗ್ನ ಅದ. ಇಲ್ಲಂದ್ರ..." ಎಂದ.

"ಲಗ್ನ ಇರಲಿಲ್ಲಂದ್ರ ಇರಗೊಡತಿದ್ರೇನು?" ಎಂದು ಕೇಳಿದೆ.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ರಿ," ಎಂದ. "ಆ ಕಿರಾಯಿ ಮ್ಯಾಲೇ ನಮ್ಮ ಸಂಸಾರ ನಡದದ. ಮುಂದ ಯಾರೂ ಬರ್ತಿದ್ದಿಲ್ಲ." ಅವನ ಮೇಲಿದ್ದ ಸಿಟ್ಟು ಅಲ್ಲಿಗೆ ಮುಗಿಯಿತು. ಅವನದೂ ಎರಡು ಕೋಣೆಯ ಮನೆಯೇ, ಅದರಲ್ಲಿ ಒಂದನ್ನು ಬಾಡಿಗೆಗೆ ಕೊಟ್ಟು ಬದುಕುವವನು.

ಮಣ್ಣು ಮಾಡಿ ಬಂದು ವೀರಶೆಟ್ಟಿ ಮತ್ತು ಶರಣಮ್ಮ ನೆಲ ತೊಳೆದರು, ಗೋಡೆ ಒರೆಸಿದರು, ಬೀಗದ ಕೈಯನ್ನು ನನ್ನ ಕೈಗೇ ಕೊಟ್ಟರು. ಆಣೆ ಇಟ್ಟ ಹಾಗೆಯೇ ನಡೆದುಕೊಂಡರು.

ಮಳೆಗಾಲ ಕಳೆದ ಮೇಲೆ ಟ್ರಾನ್ಸ್‌ಫಾರ್ಮರ್ ಬಂತು, ಚರಂಡಿ ಕೂಡಿತು, ಚೀಟಿ ಎತ್ತುವ ದಿನವೂ ಬಂತು. ಅಷ್ಟರೊಳಗೆ ನಾಲ್ಕನೇ ಬ್ಲಾಕಿನ ಮೂಲೆ ಮನೆಯ ವಿಷಯ ಊರಿಗೆಲ್ಲ ಗೊತ್ತಾಗಿತ್ತು. ಅದೊಂದು ಬರದಿರಲಿ ದೇವರೇ ಎಂದು ಜನ ಹರಕೆ ಹೊತ್ತಿದ್ದರು. ಆ ಮನೆಯನ್ನು ಕಾವಲುಗಾರನ ಸ್ಟೋರ್ ಎಂದು ತೋರಿಸಿ ಪಟ್ಟಿಯಿಂದ ಬಿಟ್ಟುಬಿಡೋಣ ಎಂದರು ಇಇ ಸಾಹೇಬರು. ನಾನು ಒಪ್ಪಲಿಲ್ಲ. ಮನೆಗಳೇ ಸಾಲದಿರುವಾಗ ಒಂದನ್ನು ಸಿಮೆಂಟಿನ ಚೀಲ ಇಡಲು ಬಿಡುವುದೇ? ಇದ್ದದ್ದನ್ನು ಇದ್ದ ಹಾಗೆ ಹೇಳಿ ಕೊಡೋಣ, ಬೇಡವೆಂದವರಿಗೆ ಒತ್ತಾಯವಿಲ್ಲ ಎಂದೆ.

ಶರಣಮ್ಮನವರ ಹೆಸರು ಚೀಟಿಯಲ್ಲಿ ಬರಲಿಲ್ಲ. ಮೂಲೆ ಮನೆ ಹಣ್ಣಿನ ಗಾಡಿಯವನೊಬ್ಬನ ಪಾಲಿಗೆ ಬಂತು. ಅವನ ಹೆಂಡತಿ ಬಸುರಿ. ಆತ ಕೈಮುಗಿದು ಬೇಡವೆಂದ, ಅವನನ್ನು ತಪ್ಪೆನ್ನಲಾರೆ. ವೀರಶೆಟ್ಟಿ ಓಡಿ ಬಂದು, ಹಾಗಾದರೆ ನಮಗೇ ಕೊಡಿ ಎಂದು ಕೇಳಿದ. ನಿಯಮದಲ್ಲಿ ಅದಕ್ಕೆ ಜಾಗವಿರಲಿಲ್ಲ. ಯಾರಾದರೂ ಬಿಟ್ಟ ಮನೆ ವೇಟಿಂಗ್ ಲಿಸ್ಟಿನಲ್ಲಿ, ಅಂದರೆ ಕಾಯುವವರ ಸಾಲಿನಲ್ಲಿ ಮುಂದಿರುವವರಿಗೆ ಹೋಗಬೇಕು. ಆ ಸಾಲಿನಲ್ಲಿ ಅವರು ಬಹಳ ಹಿಂದಿದ್ದರು. ಇಲ್ಲಪ್ಪ ಎಂದು ನಾನೇ ಹೇಳಬೇಕಾಯಿತು. ಶರಣಮ್ಮ ಗಂಡನ ತೋಳು ಹಿಡಿದು, "ಇರಲಿ ಬಿಡ್ರಿ ಮೇಡಂ. ನಮ್ಮ ಕೆಲಸ ಆ ಮನಿ ಒಂದ್ಸಲ ಮಾಡಿಕೊಟ್ಟದ," ಎಂದಳು. ಅವರು ಬಾಡಿಗೆ ಕೋಣೆಯ ಕಡೆ ನಡೆದು ಹೋಗುವುದನ್ನು ನೋಡುತ್ತ ನಿಂತಿದ್ದೆ. ನನ್ನ ನೌಕರಿಯ ಮೇಲೆ ಅಂದು ಬಂದಷ್ಟು ಬೇಸರ ಮತ್ತೆಂದೂ ಬರಲಿಲ್ಲ. ನಾನು ನಿವೃತ್ತಳಾಗುವಾಗಲೂ ಅವರು ಎರಡನೇ ಹಂತದ ಮನೆಗಳಿಗೆ ಕಾಯುತ್ತಲೇ ಇದ್ದರು.

ಸಾಲಿನಲ್ಲಿ ಮುಂದಿದ್ದವಳು ಸುಶೀಲಾಬಾಯಿ. ಗಂಡ ತೀರಿಕೊಂಡಿದ್ದ, ಎರಡು ಹೆಣ್ಣುಮಕ್ಕಳು. ದವಾಖಾನೆಯೊಂದರಲ್ಲಿ ಆಯಾ ಕೆಲಸ. ಅವಳು ಕೆಲಸದ ಸೀರೆಯಲ್ಲೇ ಕಾಲನಿಗೆ ಬಂದಳು. ಬಾಗಿಲು ತೆಗೆಯುವ ಮೊದಲು ನಾನು ಎಲ್ಲವನ್ನೂ ಹೇಳಿದೆ. ಈ ಮನೆಯಲ್ಲಿ ಒಬ್ಬ ಮುದುಕಿ ತೀರಿಹೋಗಿದ್ದಾಳೆ. ಬೇಡವೆನಿಸಿದರೆ ಹೇಳು, ಮುಂದಿನ ಸಲದ ಸಾಲಿನಲ್ಲಿ ಹೆಸರು ಉಳಿಯುತ್ತದೆ.

ಅವಳು ಕೇಳಿದಳು. "ಹೊರಗ ಒಯ್ದು ಹಾಕಿದ ಮ್ಯಾಲ ಸತ್ತಳೇನ್ರಿ, ಒಳಗೇ ಸತ್ತಳೇನು?"

"ಒಳಗೇ."

"ಆಕಿ ಮನಿ ಅಲ್ಲ ಅಂತ ಗೊತ್ತಿದ್ದೂ ಇರಗೊಟ್ರೇನು?"

"ಹೌದು."

"ಹೆಣ ಒಳಗೇ ಇಟ್ಟಿದ್ರೇನು? ಮಂದಿ ಬಂದು ಕಾಲು ಬಿದ್ರೇನು?"

"ಬಿದ್ದರು. ಭಜನಿನೂ ಆತು."

ಸುಶೀಲಾಬಾಯಿ ಮುಚ್ಚಿದ ಬಾಗಿಲ ಮೇಲೆ ಅಂಗೈ ಇಟ್ಟಳು.

"ನಮ್ಮ ಮನಿಯವರು ಹೋದಾಗ ಮಳಿ ಹತ್ತಿತ್ರಿ. ಮಾಲಕ ಒಳಗ ತರಗೊಡಲಿಲ್ಲ. ರಸ್ತಾದಾಗ ತಾಡಪಾಲ ಹಿಡಕೊಂಡು ನಾನೂ ನನ್ನ ಮಕ್ಕಳೂ ಹಗಲೆಲ್ಲಾ ನಿಂತೀವಿ. ಲಾರಿ ಹೋದಂಗೆಲ್ಲಾ ರಾಡಿ ಅವರ ಮುಖದ ಮ್ಯಾಲ ಬೀಳ್ತಿತ್ತು, ಸಣ್ಣ ಮಗಳು ಒರಸತಿದ್ದಳು." ಅವಳು ಕೈ ಚಾಚಿದಳು. "ಚಾವಿ ಕೊಡ್ರಿ. ಉಳಿದ ಮನಿ ಹ್ಯಾಂಗವನೋ ನನಗ ಗೊತ್ತಿಲ್ಲ. ಈ ಮನಿ ಯಾರನ್ನೂ ಹೊರಗ ಹಾಕಂಗಿಲ್ಲಂತ ಮೊದಲೇ ಗೊತ್ತಾತಲ್ಲ."

ಬಡವರಿಗೆ ಕೈಗೆಟಕುವ ಮನೆ ಯಾಕೆ ಬೇಕೆಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ನೌಕರಿಯ ಮೊದಲ ವರ್ಷಗಳಲ್ಲಾಗಿದ್ದರೆ ಮಳೆ ಬಿಸಿಲಿಗೆ ಆಸರೆ ಎನ್ನುತ್ತಿದ್ದೆ. ಮಳೆ ಬಿಸಿಲನ್ನು ಬಾಡಿಗೆ ಕೋಣೆಯೂ ತಡೆಯುತ್ತದೆ. ಆದರೆ ಅಲ್ಲಿ ದುಡಿಯುವಷ್ಟು ದಿನ ಇರಬಹುದು, ಕೈಕಾಲು ಗಟ್ಟಿ ಇರುವಷ್ಟು ದಿನ ಇರಬಹುದು. ಹಾಸಿಗೆ ಹಿಡಿದ ದಿನ ಬೇರೆಯವರ ಒಪ್ಪಿಗೆ ಬೇಕು. ಸುಶೀಲಾಬಾಯಿಯ ಕೈಗೆ ಬೀಗದ ಕೈ ಇಟ್ಟ ಆ ಹೊತ್ತು, ಒಬ್ಬ ಹೆಂಗಸಿಗೆ ಇನ್ನು ಮುಂದೆ ಯಾರ ಅಪ್ಪಣೆಯೂ ಬೇಡದ ಹಾಗೆ ಮಾಡುವುದೇ ನನ್ನ ಕೆಲಸವಾಗಿತ್ತೆಂದು ನನಗೆ ಅರ್ಥವಾಯಿತು.